ದೇಣಿಗೆ ಯಾರಿಗೆ ಕೊಡಲಿ? ಆಡಳಿತ ವೆಚ್ಚದಾಚೆ ನೋಡಬೇಕಾದ ಲೆಕ್ಕ

"ನಾನು ಕೊಡೋ ನೂರು ರೂಪಾಯಿಯಲ್ಲಿ ಬಡವರಿಗೆ ಎಷ್ಟು ತಲುಪುತ್ತೆ?" ದೇಣಿಗೆ ಕೊಡುವವರು ಕೇಳುವ ಮೊದಲ ಪ್ರಶ್ನೆ ಇದು. ಹಲವರಿಗೆ ಕೊನೆಯ ಪ್ರಶ್ನೆಯೂ ಇದೇ. "ತೊಂಬತ್ತೈದು" ಎಂಬ ಉತ್ತರ ಬಂದರೆ ಚೆಕ್ ಬರೆಯುತ್ತಾರೆ. "ಎಪ್ಪತ್ತು" ಅಂದರೆ ಮುಖ ಸಪ್ಪೆ ಮಾಡಿಕೊಂಡು ಹೊರಡುತ್ತಾರೆ.

ಈ ಅನುಮಾನಕ್ಕೆ ಕಾರಣ ಇದೆ. ಸರ್ಕಾರ ಖರ್ಚು ಮಾಡುವ ಒಂದು ರೂಪಾಯಿಯಲ್ಲಿ ಜನರಿಗೆ ತಲುಪುವುದು 15 ಪೈಸೆ ಮಾತ್ರ ಎಂದು 1985ರಲ್ಲಿ ಪ್ರಧಾನಿ ರಾಜೀವ್ ಗಾಂಧಿಯೇ ಹೇಳಿದ್ದರು. ಆ ಮಾತು ನಮ್ಮ ತಲೆಯಲ್ಲಿ ಗಟ್ಟಿಯಾಗಿ ಕೂತಿದೆ. ದುಡ್ಡು ನಡುದಾರಿಯಲ್ಲಿ ಸೋರುತ್ತದೆ ಅನ್ನುವ ಭಯ ಸುಳ್ಳೂ ಅಲ್ಲ. ಆದರೆ ಸೋರಿಕೆ ಬೇರೆ, ಆಡಳಿತ ವೆಚ್ಚ (ಕಚೇರಿ, ಸಂಬಳ, ಲೆಕ್ಕಪತ್ರದಂಥ ಖರ್ಚು) ಬೇರೆ. ಕಳ್ಳತನ ಮಾಡುವವರು ಅದನ್ನು "ಆಡಳಿತ" ಎಂದು ಬರೆದಿಡುವುದಿಲ್ಲ. ಪ್ರಾಮಾಣಿಕವಾಗಿ ಬರೆದಿಟ್ಟವರೇ ನಮ್ಮ ಕಣ್ಣಿಗೆ ತಪ್ಪಿತಸ್ಥರಾಗಿ ಕಾಣುತ್ತಾರೆ.

ಊಟ ಹಾಕುವವರಿಗೆ ಕೊಡಲೋ, ಕಣ್ಣಿನ ಆಪರೇಷನ್‌ಗೋ, ಮಕ್ಕಳ ಓದಿಗೋ, ಮಠಕ್ಕೋ, ಜನರ ಹಕ್ಕುಗಳಿಗಾಗಿ ಹೋರಾಡುವವರಿಗೋ ಎಂದು ಗೊಂದಲದಲ್ಲಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಮೊದಲು ಅಳತೆಗೋಲು, ಆಮೇಲೆ ಆಯ್ಕೆಗಳು.

ಶೇಕಡಾವಾರು ಲೆಕ್ಕ ಯಾಕೆ ಸಾಲದು

ಹಳ್ಳಿಯಲ್ಲಿ ಕಣ್ಣಿನ ಶಿಬಿರ ನಡೆಯುತ್ತದೆ ಅಂದುಕೊಳ್ಳಿ. ರೋಗಿಗಳನ್ನು ಆಸ್ಪತ್ರೆಗೆ ಕರೆತರುವ ವ್ಯಾನಿನ ಡ್ರೈವರ್‌ಗೆ ಸಂಬಳ ಕೊಡಬೇಕು. ಅದನ್ನು ಲೆಕ್ಕದ ಪುಸ್ತಕದಲ್ಲಿ "ಶಿಬಿರದ ಖರ್ಚು" ಎಂದು ಬರೆಯಬಹುದು. "ಸಿಬ್ಬಂದಿ ವೆಚ್ಚ" ಎಂದೂ ಬರೆಯಬಹುದು. ಎರಡೂ ಸುಳ್ಳಲ್ಲ. ಮೊದಲ ಥರ ಬರೆದರೆ ಆಡಳಿತ ವೆಚ್ಚ ಇಳಿಯುತ್ತದೆ, ಎರಡನೆಯ ಥರ ಬರೆದರೆ ಏರುತ್ತದೆ. ಡ್ರೈವರ್ ಓಡಿಸಿದ ಕಿಲೋಮೀಟರ್ ಮಾತ್ರ ಅಷ್ಟೇ.

ವಿದೇಶಿ ದೇಣಿಗೆ ಪಡೆಯುವ ಸಂಸ್ಥೆಗಳಿಗೆ ಕಾನೂನೇ ಒಂದು ಗೆರೆ ಎಳೆದಿದೆ. ಆ ಹಣದಲ್ಲಿ ಆಡಳಿತಕ್ಕೆ ಶೇ 50ರವರೆಗೆ ಬಳಸಬಹುದಿತ್ತು. 2020ರ ತಿದ್ದುಪಡಿ ಅದನ್ನು ಶೇ 20ಕ್ಕೆ ಇಳಿಸಿತು. ಆದರೆ ಆಸ್ಪತ್ರೆಯ ವೈದ್ಯರ ಸಂಬಳ, ಶಾಲೆಯ ಶಿಕ್ಷಕರ ಸಂಬಳ ಆಡಳಿತ ವೆಚ್ಚದಲ್ಲಿ ಸೇರುವುದಿಲ್ಲ ಎಂದು ಅದೇ ನಿಯಮಗಳು ಹೇಳುತ್ತವೆ. ಅಂದರೆ ಈ ಗೆರೆ ಎಲ್ಲಿ ಬೀಳುತ್ತದೆ ಅನ್ನುವುದು ಕೆಲಸದ ಸ್ವರೂಪದ ಮೇಲೆ ನಿಂತಿದೆ. ಕಂಪನಿಗಳು ಕೊಟ್ಟ ಕಂಬಳಿ, ಔಷಧಿ ಹಂಚುವ ಸಂಸ್ಥೆಗೆ ಇನ್ನೊಂದು ಅನುಕೂಲ ಇದೆ. ಆ ವಸ್ತುಗಳ ಬೆಲೆಯೂ ಲೆಕ್ಕಕ್ಕೆ ಸೇರುವುದರಿಂದ ಒಟ್ಟು ಮೊತ್ತ ಉಬ್ಬುತ್ತದೆ, ಆಡಳಿತದ ಪಾಲು ತಾನಾಗಿ ಸಣ್ಣದಾಗಿ ಕಾಣುತ್ತದೆ.

2013ರಲ್ಲಿ ಅಮೆರಿಕದಲ್ಲಿ ಒಂದು ಒಳ್ಳೆಯ ಕೆಲಸ ಆಯಿತು. ಸೇವಾಸಂಸ್ಥೆಗಳ ಮಾಹಿತಿ ಕೊಡುವ, ಅವನ್ನು ಅಳೆಯುವ ಮೂರು ದೊಡ್ಡ ಸಂಸ್ಥೆಗಳು, ಗೈಡ್‌ಸ್ಟಾರ್, ಚಾರಿಟಿ ನ್ಯಾವಿಗೇಟರ್ ಮತ್ತು ಬಿಬಿಬಿ ವೈಸ್ ಗಿವಿಂಗ್ ಅಲಯನ್ಸ್, ಒಟ್ಟಿಗೆ ದಾನಿಗಳಿಗೆ ಬಹಿರಂಗ ಪತ್ರ ಬರೆದವು. ಆಡಳಿತ ವೆಚ್ಚದ ಶೇಕಡಾವಾರು ಒಂದನ್ನೇ ನೋಡಿ ಸಂಸ್ಥೆಯನ್ನು ಅಳೆಯಬೇಡಿ ಎನ್ನುವುದೇ ಪತ್ರದ ತಿರುಳು. ಅಳೆಯುವ ಕೆಲಸವನ್ನೇ ಮಾಡುವವರು ಹೀಗೆ ಹೇಳಿದ್ದು ದೊಡ್ಡ ವಿಷಯ ಅಲ್ವಾ?

ಹಾಗಂತ ಆ ಅಂಕಿಯನ್ನು ನೋಡಲೇಬಾರದು ಅಂತಲ್ಲ. ಕೆಲವು ಕಡೆ ಅದು ನಿಜವಾದ ಎಚ್ಚರಿಕೆ. ಸಂಗ್ರಹವಾದ ಹಣದ ಅರ್ಧಕ್ಕಿಂತ ಜಾಸ್ತಿ ದೇಣಿಗೆ ಎತ್ತುವ ಏಜೆನ್ಸಿಗೇ ಹೋಗುತ್ತಿದ್ದರೆ ದೂರ ಇರಿ. ಕಚೇರಿ ಟ್ರಸ್ಟಿಯದೇ ಕಟ್ಟಡದಲ್ಲಿದ್ದು, ಬಾಡಿಗೆ ಊರಿನ ದರಕ್ಕಿಂತ ಹೆಚ್ಚಿದ್ದರೆ ಕಾರಣ ಕೇಳಿ. ಸಂಬಳದ ಪಟ್ಟಿಯಲ್ಲಿ ಒಂದೇ ಮನೆಯವರು ತುಂಬಿದ್ದರೂ ಕೇಳಿ. "ನಮ್ಮಲ್ಲಿ ಆಡಳಿತ ವೆಚ್ಚ ಸೊನ್ನೆ" ಎನ್ನುವವರನ್ನೂ ಕೇಳಬೇಕು: ಹಾಗಾದರೆ ಆಡಿಟರ್‌ಗೆ, ಕರೆಂಟಿಗೆ, ಲೆಕ್ಕ ಬರೆಯುವವರಿಗೆ ಕೊಡುವವರು ಯಾರು? ಒಬ್ಬ ದಾನಿ ಆ ಭಾರ ಹೊತ್ತಿದ್ದರೆ ಸಂತೋಷ. ಉತ್ತರವೇ ಇಲ್ಲದಿದ್ದರೆ ಸಂತೋಷಪಡುವಂಥದ್ದೇನಿಲ್ಲ.

ಕೇಳಬೇಕಾದ ಐದು ಪ್ರಶ್ನೆ

ಮೊದಲನೆಯದು, ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡದು: ಈ ಸಂಸ್ಥೆ ಇಲ್ಲದಿದ್ದರೆ ಏನಾಗುತ್ತಿತ್ತು? ಸರ್ಕಾರವೋ ಇನ್ನೊಬ್ಬರೋ ಅದೇ ಕೆಲಸ ಮಾಡುತ್ತಿದ್ದರೆ ನಿಮ್ಮ ದುಡ್ಡಿನಿಂದ ಹೊಸದಾಗಿ ಆಗುವುದು ಕಡಿಮೆ.

ಎರಡನೆಯದು, ಕೊನೆಗೆ ಬದಲಾದದ್ದು ಏನು? ಹಂಚಿದ ಬ್ಯಾಗ್ ಎಷ್ಟು, ನಡೆಸಿದ ಶಿಬಿರ ಎಷ್ಟು ಅನ್ನುವುದು ಕೆಲಸದ ಲೆಕ್ಕ. ಎಷ್ಟು ಮಕ್ಕಳು ಓದಲು ಕಲಿತರು, ಎಷ್ಟು ಜನರಿಗೆ ದೃಷ್ಟಿ ಬಂತು ಅನ್ನುವುದು ಫಲದ ಲೆಕ್ಕ. ವಾರ್ಷಿಕ ವರದಿಯಲ್ಲಿ ಮೊದಲನೆಯದು ಪುಟಗಟ್ಟಲೆ ಇರುತ್ತದೆ. ಎರಡನೆಯದನ್ನು ಹುಡುಕಬೇಕು.

ಮೂರನೆಯದು, ಆ ಒಂದು ಬದಲಾವಣೆಗೆ ಒಟ್ಟು ಖರ್ಚು ಎಷ್ಟು? ಕಚೇರಿ, ಸಂಬಳ, ಪೆಟ್ರೋಲ್ ಎಲ್ಲ ಸೇರಿಸಿ. ಒಂದು ಕಾಲ್ಪನಿಕ ಲೆಕ್ಕ ನೋಡಿ. ಎರಡು ಸಂಸ್ಥೆಗಳಿಗೂ ಒಂದೊಂದು ಲಕ್ಷ ಸಿಗುತ್ತದೆ. ಮೊದಲನೆಯದು ಕಚೇರಿಗೆ 5 ಸಾವಿರ ಇಟ್ಟುಕೊಂಡು, 190 ರೂಪಾಯಿಯಂತೆ 500 ಶಾಲಾ ಬ್ಯಾಗ್ ಹಂಚುತ್ತದೆ. ಎರಡನೆಯದು ತರಬೇತಿ, ಮೇಲ್ವಿಚಾರಣೆ, ಪರೀಕ್ಷೆಗೆ 30 ಸಾವಿರ ತೆಗೆದಿಟ್ಟು, ಉಳಿದದ್ದರಲ್ಲಿ ಊರಿನ ಹುಡುಗಿಯರನ್ನೇ ನೇಮಿಸಿ ಸಂಜೆ ಪಾಠ ನಡೆಸುತ್ತದೆ. ವರ್ಷದ ಕೊನೆಗೆ, ಮೊದಲು ಓದಲು ಬಾರದಿದ್ದ 40 ಮಕ್ಕಳು ಓದುತ್ತಾರೆ. ಒಂದು ಮಗುವಿಗೆ 2,500 ರೂಪಾಯಿ. ಮೊದಲ ಸಂಸ್ಥೆಯ ಆಡಳಿತ ವೆಚ್ಚ ಶೇ 5, ಎರಡನೆಯದರದ್ದು ಶೇ 30. ಬ್ಯಾಗ್ ಬಂದದ್ದರಿಂದ ಆ ಐನೂರು ಮಕ್ಕಳ ಕಲಿಕೆಯಲ್ಲಿ ಏನು ಬದಲಾಯಿತು ಎಂದು ಮೊದಲ ಸಂಸ್ಥೆಗೇ ಗೊತ್ತಿಲ್ಲ. ಅಳೆಯುವುದಕ್ಕೆ ಅದು ದುಡ್ಡೇ ಇಟ್ಟಿರಲಿಲ್ಲ.

ನಾಲ್ಕನೆಯದು, ಇನ್ನೂ ಹಣ ಬಂದರೆ ಬಳಸಿಕೊಳ್ಳಲು ಜಾಗ ಇದೆಯಾ? ತುಂಬ ಒಳ್ಳೆಯ ಸಂಸ್ಥೆಗೂ ಕೆಲವೊಮ್ಮೆ ನಿಮ್ಮ ದುಡ್ಡು ಬೇಕಾಗಿರುವುದಿಲ್ಲ.

ಐದನೆಯದು, ಸೋತದ್ದನ್ನು ಹೇಳುತ್ತಾರಾ? ಹತ್ತು ವರ್ಷದ ವರದಿಗಳಲ್ಲಿ ಒಂದೂ ಸೋಲು ಇಲ್ಲ ಅಂದರೆ ನನಗೆ ನಂಬಿಕೆ ಬರುವುದಿಲ್ಲ. ಬಡವರ ಜೊತೆ ಕೆಲಸ ಮಾಡುವುದು ಅಷ್ಟು ಸುಲಭ ಇಲ್ಲ. ಸಹಾಯ ಪಡೆದವರನ್ನು ಹೇಗೆ ತೋರಿಸುತ್ತಾರೆ ಅನ್ನುವುದನ್ನೂ ಇದರ ಜೊತೆಗೇ ನೋಡಿ. ಮಗುವಿನ ಕೈಗೆ ದಾನಿಯ ಹೆಸರಿನ ಬ್ಯಾನರ್ ಕೊಟ್ಟು ಫೋಟೊ ತೆಗೆಯುವವರ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯ ಇಲ್ಲ.

ಊಟ

ಹಸಿದವರಿಗೆ ಅನ್ನ ಹಾಕುವುದು ನಮ್ಮಲ್ಲಿ ಎಲ್ಲರಿಗೂ ಒಪ್ಪುವ ದಾನ. ಫಲವೂ ಕಣ್ಣಿಗೆ ಕಾಣುತ್ತದೆ. ಹಾಗಾಗಿ ಇಲ್ಲಿ ಮೊದಲ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ.

ಶಾಲೆಯ ಬಿಸಿಯೂಟವನ್ನೇ ನೋಡಿ. ಅಕ್ಷಯ ಪಾತ್ರೆ 2000ದಲ್ಲಿ ಬೆಂಗಳೂರಿನ ಐದು ಶಾಲೆಗಳ 1,500 ಮಕ್ಕಳಿಗೆ ಊಟ ಕೊಡಲು ಶುರು ಮಾಡಿದಾಗ ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಬಿಸಿಯೂಟವೇ ಇರಲಿಲ್ಲ. ಆಗ ಕೊಟ್ಟ ಪ್ರತಿ ರೂಪಾಯಿ ಹೊಸ ಊಟ. ಈಗ ಅಕ್ಷರ ದಾಸೋಹ ರಾಜ್ಯದ ಎಲ್ಲ ಕಡೆ ಇದೆ. ಧಾನ್ಯ ಮತ್ತು ಅಡುಗೆ ವೆಚ್ಚ ಸರ್ಕಾರದಿಂದ ಬರುತ್ತದೆ, ಹೆಚ್ಚಿನ ಶಾಲೆಗಳಲ್ಲಿ ಅಲ್ಲಿನ ಅಡುಗೆಯವರೇ ಬೇಯಿಸಿ ಬಡಿಸುತ್ತಾರೆ. ಹಾಗಾಗಿ ಇವತ್ತು ಯಾವ ಬಿಸಿಯೂಟ ಸಂಸ್ಥೆಗೆ ಕೊಡುವಾಗಲೂ ಕೇಳಬೇಕಾದ್ದು ಇಷ್ಟು: ಸರ್ಕಾರದ ಹಣದ ಮೇಲೆ ನನ್ನ ದುಡ್ಡು ಏನನ್ನು ಸೇರಿಸುತ್ತದೆ? ಹೆಚ್ಚು ತರಕಾರಿಯಾ, ಹಾಲಾ, ಸ್ವಚ್ಛ ಅಡುಗೆಮನೆಯಾ?

ಈ ಪ್ರಶ್ನೆಗೆ ಸ್ಪಷ್ಟ ಉತ್ತರ ಇರುವ ಉದಾಹರಣೆ ನಮ್ಮಲ್ಲೇ ಇದೆ. ಶಾಲಾ ಮಕ್ಕಳಿಗೆ ವಾರಕ್ಕೆ ಎರಡು ದಿನ ಮೊಟ್ಟೆ ಸರ್ಕಾರ ಕೊಡುತ್ತಿತ್ತು. ಉಳಿದ ನಾಲ್ಕು ದಿನಕ್ಕೂ ಮೊಟ್ಟೆ ಕೊಡಲು ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ 2024ರಲ್ಲಿ ಮೂರು ವರ್ಷದ ಒಪ್ಪಂದ ಮಾಡಿಕೊಂಡಿತು. ಇಲ್ಲದಿದ್ದದ್ದು ಏನು, ಸೇರಿದ್ದು ಏನು ಎಂದು ಬೆರಳೆಣಿಸಿ ಹೇಳಬಹುದು.

ಸಣ್ಣ ಮೊತ್ತ ಕೊಡುವವರಿಗೆ ನಾನು ಹೇಳುವುದು: ಯೋಜನೆ ಮುಟ್ಟದವರ ಊಟಕ್ಕೆ ಕೊಡಿ. ಒಂಟಿ ವೃದ್ಧರು, ಜಿಲ್ಲಾ ಆಸ್ಪತ್ರೆಯಲ್ಲಿ ರೋಗಿಯ ಜೊತೆ ವಾರಗಟ್ಟಲೆ ಕಾಯುವ ಮನೆಯವರು, ವಲಸೆ ಕೂಲಿಗಳ ಪುಟ್ಟ ಮಕ್ಕಳು.

ಕಣ್ಣಿನ ಪೊರೆ ಆಪರೇಷನ್

ಐದು ಪ್ರಶ್ನೆಗಳಲ್ಲಿ ಎರಡನೆಯದಕ್ಕೂ ಮೂರನೆಯದಕ್ಕೂ ಇಷ್ಟು ಸಲೀಸಾಗಿ ಉತ್ತರ ಕೊಡುವ ಕೆಲಸ ಬೇರೆ ಕಡಿಮೆ. ಆಪರೇಷನ್‌ಗೆ ಮುಂಚೆ ಕಾಣುತ್ತಿರಲಿಲ್ಲ, ಆಮೇಲೆ ಕಾಣುತ್ತದೆ.

ಮಧುರೈನ ಅರವಿಂದ ಕಣ್ಣಿನ ಆಸ್ಪತ್ರೆಯನ್ನು ಡಾ. ಜಿ. ವೆಂಕಟಸ್ವಾಮಿ 1976ರಲ್ಲಿ 11 ಹಾಸಿಗೆಯೊಂದಿಗೆ ಶುರು ಮಾಡಿದರು. ದುಡ್ಡು ಕೊಡಬಲ್ಲ ರೋಗಿಗಳ ಶುಲ್ಕದಿಂದಲೇ ಬಡವರ ಆಪರೇಷನ್ ನಡೆಯುವಂತೆ ಅದನ್ನು ಕಟ್ಟಿದರು. ಕಣ್ಣೊಳಗೆ ಇಡುವ ಮಸೂರ ಹೊರದೇಶದಿಂದ ತುಂಬಾ ದುಬಾರಿಗೆ ಬರುತ್ತಿದ್ದಾಗ 1992ರಲ್ಲಿ ಅರೋಲ್ಯಾಬ್ ಎಂಬ ಸ್ವಂತ ಕಾರ್ಖಾನೆ ಹಾಕಿ ಬೆಲೆಯನ್ನೇ ಕುಸಿಯುವಂತೆ ಮಾಡಿದರು. ಕಾರ್ಖಾನೆ ಕಟ್ಟುವ ಖರ್ಚನ್ನು "ರೋಗಿಗೆ ನೇರವಾಗಿ ತಲುಪಿದ್ದೆಷ್ಟು" ಎಂಬ ಲೆಕ್ಕದಲ್ಲಿ ಎಲ್ಲಿ ಇಡುತ್ತೀರಿ? ಆ ಖರ್ಚಿನಿಂದ ಕಣ್ಣು ಬಂದವರು ಲಕ್ಷಾಂತರ ಜನ.

ನಾಲ್ಕನೆಯ ಪ್ರಶ್ನೆ ಬರುವುದೂ ಇಲ್ಲೇ. ಹೀಗೆ ಸ್ವಂತ ಕಾಲ ಮೇಲೆ ನಿಂತ ಆಸ್ಪತ್ರೆಗೆ ನಿಮ್ಮ ಐದು ಸಾವಿರಕ್ಕಿಂತ, ನಿಮ್ಮದೇ ಜಿಲ್ಲೆಯಲ್ಲಿ ಹಳ್ಳಿ ಸುತ್ತಿ ರೋಗಿಗಳನ್ನು ಕರೆತರುವ ಸಣ್ಣ ಆಸ್ಪತ್ರೆಗೆ ಅದೇ ಐದು ಸಾವಿರ ಹೆಚ್ಚು ಉಪಯೋಗ ಆಗಬಹುದು. ಆ ಆಸ್ಪತ್ರೆಯಲ್ಲಿ ಕೇಳಬೇಕಾದ್ದು ಆಪರೇಷನ್‌ಗಳ ಸಂಖ್ಯೆ ಮಾತ್ರ ಅಲ್ಲ. ತಿಂಗಳ ನಂತರ ಎಷ್ಟು ಜನರನ್ನು ಮತ್ತೆ ಪರೀಕ್ಷಿಸಿದರು, ಎಷ್ಟು ಜನರಿಗೆ ದೃಷ್ಟಿ ಸುಧಾರಿಸಲಿಲ್ಲ, ಸೋಂಕು ಎಷ್ಟು ಜನರಿಗೆ ಆಯಿತು. ಈ ಮೂರು ಅಂಕಿ ತಕ್ಷಣ ತೆಗೆದು ತೋರಿಸುವ ಆಸ್ಪತ್ರೆಗೆ ಧೈರ್ಯವಾಗಿ ಕೊಡಿ.

ಮಕ್ಕಳ ಓದು

ನನ್ನ ಮನಸ್ಸು ವಾಲುವುದು ಈ ಕಡೆಗೆ. ಆದರೆ ದುಡ್ಡು ವ್ಯರ್ಥವಾಗುವ ಅಪಾಯ ಜಾಸ್ತಿ ಇರುವುದೂ ಇಲ್ಲೇ.

ಸರ್ಕಾರಿ ಶಾಲೆಯ ಮಕ್ಕಳಿಗೆ ಪಠ್ಯಪುಸ್ತಕ, ಸಮವಸ್ತ್ರ, ಶೂ ರಾಜ್ಯ ಸರ್ಕಾರವೇ ಕೊಡುತ್ತದೆ. ಆದರೂ ಜೂನ್ ಬಂತೆಂದರೆ ನೋಟ್‌ಬುಕ್, ಬ್ಯಾಗ್ ಹಂಚುವ ಕಾರ್ಯಕ್ರಮಗಳ ಸಾಲು. ಕೀನ್ಯಾದಲ್ಲಿ ಪಠ್ಯಪುಸ್ತಕ ಹಂಚಿ ಅದರ ಫಲ ಅಳೆದ ಹೆಸರಾಂತ ಅಧ್ಯಯನವೊಂದಿದೆ. ಸರಾಸರಿ ಅಂಕ ಏರಲಿಲ್ಲ. ಮೊದಲೇ ಮುಂದಿದ್ದ ಮಕ್ಕಳಿಗಷ್ಟೇ ಲಾಭ ಆಯಿತು. ಪುಸ್ತಕ ಇದ್ದದ್ದು ಇಂಗ್ಲಿಷಿನಲ್ಲಿ, ಹಲವು ಮಕ್ಕಳಿಗೆ ಅದು ಮೂರನೆಯ ಭಾಷೆ. ಓದಲು ಬಾರದ ಮಗುವಿಗೆ ಪುಸ್ತಕ ಕೊಟ್ಟರೆ ಅದು ಪುಸ್ತಕ ಇರುವ, ಓದಲು ಬಾರದ ಮಗು.

ಗ್ರಾಮೀಣ ಭಾರತದಲ್ಲಿ ಐದನೇ ತರಗತಿಯ ಸುಮಾರು ಅರ್ಧದಷ್ಟು ಮಕ್ಕಳಿಗೆ ಎರಡನೇ ತರಗತಿಯ ಪಾಠ ಓದಲು ಬರುವುದಿಲ್ಲ ಎಂದು ಅಸರ್ ಸಮೀಕ್ಷೆ ವರ್ಷಗಳಿಂದ ಹೇಳುತ್ತಿದೆ. ಆ ಸಮೀಕ್ಷೆಯ ಹಿಂದಿರುವ ಪ್ರಥಮ್ ಸಂಸ್ಥೆ 1995ರಲ್ಲಿ ಮುಂಬಯಿಯಲ್ಲಿ ಹುಟ್ಟಿತು. ತರಗತಿ ಯಾವುದೇ ಇರಲಿ, ಮಗುವಿಗೆ ಈಗ ಏನು ಬರುತ್ತದೋ ಅಲ್ಲಿಂದ ಕಲಿಸಬೇಕು ಎನ್ನುವುದು ಅವರ ದಾರಿ. ವಡೋದರಾ ಮತ್ತು ಮುಂಬಯಿಯ ಶಾಲೆಗಳಲ್ಲಿ ಇದನ್ನು ಪರೀಕ್ಷೆಗೆ ಒಡ್ಡಿದವರಲ್ಲಿ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಇದ್ದರು. ಇಬ್ಬರಿಗೂ 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಹಿಂದುಳಿದ ಮಕ್ಕಳ ಅಂಕ ನಿಜಕ್ಕೂ ಏರಿತ್ತು. ನಂತರ ಉತ್ತರ ಪ್ರದೇಶದ ಜೌನ್‌ಪುರ ಜಿಲ್ಲೆಯಲ್ಲಿ ಊರಿನ ಜನರಿಗೆ ಶಾಲೆಯ ಬಗ್ಗೆ ಬರೀ ಮಾಹಿತಿ ಕೊಟ್ಟಾಗ ಏನೂ ಆಗಲಿಲ್ಲ. ಸ್ವಯಂಸೇವಕರ ಓದಿನ ಶಿಬಿರಕ್ಕೆ ಬಂದ ಮಕ್ಕಳು ಕಲಿತರು, ಆದರೆ ಬಂದವರೇ ಕಡಿಮೆ. ಆಗದ್ದನ್ನೂ ಅವರು ಮುಚ್ಚಿಡದೆ ಪ್ರಕಟಿಸಿದರು. ಐದನೆಯ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕಾ?

ಇಂಥ ಕೆಲಸದಲ್ಲಿ ಖರ್ಚೆಲ್ಲ ಜನರ ಮೇಲೆಯೇ. ತರಬೇತಿ, ಪ್ರಯಾಣ, ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕೂರಿಸಿ ಓದಿಸಿ ನೋಡುವುದು. ಊರಿನ ಸಣ್ಣ ಸಂಸ್ಥೆಗೆ ಕೊಡುವುದಾದರೆ ಒಂದು ಸಂಜೆ ಅವರ ಕೇಂದ್ರಕ್ಕೆ ಹೋಗಿ. ಒಂದು ಮಗುವಿನ ಜೂನ್ ತಿಂಗಳ ಹಾಳೆ, ಡಿಸೆಂಬರ್ ಹಾಳೆ ಎರಡೂ ತೋರಿಸಿ ಎಂದು ಕೇಳಿ. ಒಂದರಲ್ಲಿ ಕಾಗುಣಿತದಲ್ಲೇ ಎಡವುತ್ತಿದ್ದ ಮಗು ಇನ್ನೊಂದರಲ್ಲಿ ನಾಲ್ಕು ಸಾಲು ಓದಿದೆಯಾ ಅನ್ನುವುದು ಐದು ನಿಮಿಷದಲ್ಲಿ ಗೊತ್ತಾಗುತ್ತದೆ.

ಮಾತ್ರೆ ಪುಕ್ಕಟೆ, ತಲುಪಿಸುವುದು ಪುಕ್ಕಟೆ ಅಲ್ಲ

ದೇಶದಲ್ಲಿ 2015ರಿಂದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನ ನಡೆಯುತ್ತಿದೆ. 1ರಿಂದ 19 ವರ್ಷದವರಿಗೆ ಅಲ್ಬೆಂಡಜೋಲ್ ಮಾತ್ರೆ ಕೊಡುತ್ತಾರೆ. ಇದರಲ್ಲಿ ಸರ್ಕಾರಗಳಿಗೆ ನೆರವಾಗುವ ಎವಿಡೆನ್ಸ್ ಆಕ್ಷನ್‌ನಂಥ ಸಂಸ್ಥೆಯ ಲೆಕ್ಕಪತ್ರ ತೆಗೆದರೆ ಮಾತ್ರೆಯ ಖರ್ಚು ಕಾಣುವುದು ಕಷ್ಟ. ಅವರು ಮಾಡುವುದು ಶಿಕ್ಷಕರಿಗೆ ತರಬೇತಿ, ಎಷ್ಟು ಮಕ್ಕಳಿಗೆ ನಿಜವಾಗಿ ತಲುಪಿತು ಎಂಬ ತಪಾಸಣೆ. ಎಲ್ಲ ಸಂಬಳ, ಎಲ್ಲ ಪ್ರಯಾಣ. ಹಳೆಯ ಕಣ್ಣಿನಿಂದ ನೋಡಿದರೆ ಅದು ಪೂರ್ತಿ ಆಡಳಿತ ವೆಚ್ಚ.

ನಮ್ಮ ಚಾಮರಾಜನಗರ ಜಿಲ್ಲೆಯ ಕಥೆಯೂ ಇಂಥದ್ದೇ. ಡಾ. ಎಚ್. ಸುದರ್ಶನ್ ಅವರ ಕರುಣಾ ಟ್ರಸ್ಟ್ 1986ರಲ್ಲಿ ಯಳಂದೂರು ತಾಲ್ಲೂಕಿನಲ್ಲಿ ಕುಷ್ಠರೋಗದ ಕೆಲಸದಿಂದ ಶುರುವಾಯಿತು. ಕುಷ್ಠಕ್ಕೆ ಔಷಧಿ ರೋಗಿಗೆ ಉಚಿತವಾಗಿ ಸಿಗುತ್ತದೆ. ಆದರೆ ಮಚ್ಚೆ ಮುಚ್ಚಿಕೊಂಡು ಮನೆಯೊಳಗೆ ಕೂತವರನ್ನು ಹುಡುಕಿ, ಮಾತಾಡಿಸಿ, ತಿಂಗಳುಗಟ್ಟಲೆ ಔಷಧಿ ಬಿಡದಂತೆ ನೋಡಿಕೊಳ್ಳಲು ಒಬ್ಬ ಕಾರ್ಯಕರ್ತೆ ಮನೆ ಮನೆ ತಿರುಗಬೇಕು. ಅವಳ ಸಂಬಳವೇ ಚಿಕಿತ್ಸೆ. ಆ ಸಂಬಳ ಕಡಿಮೆ ಇದ್ದಷ್ಟೂ ಒಳ್ಳೆಯದು ಎಂದು ನಾವು ಬಯಸಬೇಕಾ? ವರ್ಷ ತುಂಬುವುದರೊಳಗೆ ಅವಳು ಕೆಲಸ ಬಿಟ್ಟರೆ ರೋಗಿಗಳ ನಂಬಿಕೆಯೂ ಅವಳ ಜೊತೆ ಹೋಗುತ್ತದೆ.

ಹಕ್ಕುಗಳಿಗಾಗಿ ಹೋರಾಡುವವರು

ಜನ ದುಡ್ಡು ಕೊಡಲು ಹಿಂಜರಿಯುವ ಸಂಸ್ಥೆಗಳಿವು. ಇಲ್ಲಿ ಹಂಚಲು ಏನೂ ಇಲ್ಲ. ವಕೀಲರು, ವರದಿಗಳು, ಸಭೆಗಳು, ರೈಲು ಟಿಕೆಟ್.

ಆದರೆ ಬಿಸಿಯೂಟ ಎಲ್ಲಿಂದ ಬಂತು ನೋಡಿ. ಗೋದಾಮುಗಳಲ್ಲಿ ಧಾನ್ಯ ತುಂಬಿ ತುಳುಕುತ್ತಿದ್ದಾಗ ಜನ ಹಸಿದಿದ್ದಾರೆ ಎಂದು ಪಿಯುಸಿಎಲ್ ಎಂಬ ನಾಗರಿಕ ಹಕ್ಕುಗಳ ಸಂಘಟನೆ 2001ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಅದೇ ವರ್ಷ ನವೆಂಬರ್ 28ರಂದು, ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಬೇಯಿಸಿದ ಊಟವನ್ನೇ ಕೊಡಬೇಕು ಎಂದು ಕೋರ್ಟ್ ರಾಜ್ಯಗಳಿಗೆ ಆದೇಶಿಸಿತು. ಇವತ್ತು ಈ ಯೋಜನೆಯ ವ್ಯಾಪ್ತಿಯಲ್ಲಿ ಹತ್ತು ಕೋಟಿಗೂ ಹೆಚ್ಚು ಮಕ್ಕಳಿದ್ದಾರೆ. ಯಾವ ಅಡುಗೆಮನೆಯ ದಾನವೂ ಆ ಸಂಖ್ಯೆಯ ಹತ್ತಿರ ಬರುವುದಿಲ್ಲ.

ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಇಂಥ ಹತ್ತು ಪ್ರಯತ್ನಗಳಲ್ಲಿ ಹಲವು ಎಲ್ಲಿಗೂ ಮುಟ್ಟುವುದಿಲ್ಲ. ಗೆದ್ದಾಗಲೂ ಯಾರ ದುಡ್ಡಿನಿಂದ ಗೆದ್ದದ್ದು ಎಂದು ಹೇಳಲಾಗುವುದಿಲ್ಲ. ವರ್ಷದ ಕೊನೆಗೆ ಫಲ ಕಾಣಬೇಕು ಎನ್ನುವ ಮನಸ್ಸಿನವರಿಗೆ ಇದು ಹೊಂದುವುದಿಲ್ಲ. ಐದಾರು ವರ್ಷ ತಾಳ್ಮೆ ಇದ್ದವರು ಒಂದು ಪಾಲು ಇಲ್ಲಿಡಿ. ಹಳೆಯ ಕೆಲಸದ ದಾಖಲೆ ನೋಡಿ, ಜನರನ್ನು ನೋಡಿ ಕೊಡಿ.

ಮಠ, ನೆರೆ, ಒಬ್ಬ ರೋಗಿ

ಸಿದ್ಧಗಂಗೆಯಂಥ ಮಠದ ದಾಸೋಹಕ್ಕೆ ಕೊಡುವಾಗ ಮೇಲಿನ ಐದೂ ಪ್ರಶ್ನೆ ಹಾಕಲು ನನ್ನ ಮನಸ್ಸು ಒಪ್ಪುವುದಿಲ್ಲ. ಅನ್ನ, ಅಕ್ಷರ, ಆಶ್ರಯ ಮೂರೂ ಒಂದೇ ಅಂಗಳದಲ್ಲಿ ಸಿಕ್ಕು ಬದುಕು ಕಟ್ಟಿಕೊಂಡವರು ನಾಡಿನ ತುಂಬ ಇದ್ದಾರೆ. ಅಲ್ಲಿ ಓದಿದವರು ಕೊಡುವುದು ಋಣ. ಅದನ್ನು ಬೇರೆ ಲೆಕ್ಕದಲ್ಲೇ ಇಡಿ, ಉಳಿದ ದೇಣಿಗೆಗೆ ಪ್ರಶ್ನೆ ಕೇಳಿ.

ನೆರೆ ಬಂದಾಗ ಹಳೆ ಬಟ್ಟೆ ತುಂಬಿದ ಲಾರಿ ಕಳಿಸುವುದಕ್ಕಿಂತ ಅಲ್ಲಿಯೇ ಇರುವ ಸಂಸ್ಥೆಗೆ ಹಣ ಕಳಿಸಿ. ಬಟ್ಟೆಯೇ ಕೊಡುವುದಾದರೆ, 1999ರಿಂದ ಈ ಕೆಲಸ ಮಾಡುತ್ತಿರುವ ಗೂಂಜ್‌ನಂಥವರು ಅದನ್ನು ವಿಂಗಡಿಸಿ, ಊರಿಗೆ ತಕ್ಕಂತೆ ಕಟ್ಟಿ ಕಳಿಸುತ್ತಾರೆ. ಆ ವಿಂಗಡಣೆಗೂ ಲಾರಿಗೂ ಹಣ ಬೇಕು. ಬಟ್ಟೆಯ ಜೊತೆ ಅದನ್ನೂ ಕೊಡಿ.

ವಾಟ್ಸಾಪಿನಲ್ಲಿ ಬರುವ ಚಿಕಿತ್ಸೆಯ ಮನವಿಗೆ ಕೊಡುವ ಮುಂಚೆ ಆ ಕಾಯಿಲೆಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಚಿಕಿತ್ಸೆ ಸಿಗುತ್ತದಾ ಎಂದು ಆಸ್ಪತ್ರೆಯಲ್ಲಿ ವಿಚಾರಿಸಿ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಕೊಡುವುದಾದರೆ ಆಸ್ಪತ್ರೆಯ ಖಾತೆಗೇ ಹಾಕಿ.

ನಿಮ್ಮ ಕೈಲಿ ಎಷ್ಟಿದೆ?

ತಿಂಗಳಿಗೆ ಐನೂರು, ಸಾವಿರ ಕೊಡುವವರು ಹತ್ತು ಕಡೆ ಹಂಚಬೇಡಿ. ಒಂದೇ ಸಂಸ್ಥೆಗೆ ತಪ್ಪದೆ ಪ್ರತಿ ತಿಂಗಳು ಕೊಡಿ. ತಿಂಗಳ ಸಂಬಳ ಕೊಡಬೇಕಾದ ಸಣ್ಣ ಸಂಸ್ಥೆಗೆ ಮಾರ್ಚಿನಲ್ಲಿ ಒಮ್ಮೆ ಬರುವ ಹನ್ನೆರಡು ಸಾವಿರಕ್ಕಿಂತ ಇದು ದೊಡ್ಡ ಆಸರೆ. ಇಂತಿಷ್ಟು ಇಂಥದ್ದಕ್ಕೇ ಬಳಸಿ ಎಂದು ಕಟ್ಟುಹಾಕಲೂ ಬೇಡಿ.

ವರ್ಷಕ್ಕೆ 25 ಸಾವಿರದ ಹತ್ತಿರ ಕೊಡಬಲ್ಲವರು ಅರ್ಧವನ್ನು ಫಲ ಅಳೆದು ತೋರಿಸಿರುವ ದೊಡ್ಡ ಸಂಸ್ಥೆಗೆ, ಅರ್ಧವನ್ನು ಕಣ್ಣಾರೆ ನೋಡಿ ಬರಬಹುದಾದ ಊರಿನ ಸಂಸ್ಥೆಗೆ ಕೊಡಬಹುದು. ಲಕ್ಷದ ಮೇಲೆ ಕೊಡುವವರು, ದಯವಿಟ್ಟು, ಯಾರೂ ಕೊಡದ ಖರ್ಚಿಗೇ ಕೊಡಿ: ಲೆಕ್ಕ ಬರೆಯುವವರ ಸಂಬಳ, ಕಂಪ್ಯೂಟರ್, ಕಾರ್ಯಕರ್ತರ ಆರೋಗ್ಯ ವಿಮೆ, ಹೊರಗಿನವರಿಂದ ಮೌಲ್ಯಮಾಪನ. ಕಟ್ಟಡಕ್ಕೆ ದಾನಿಗಳು ಸಿಗುತ್ತಾರೆ, ಗೋಡೆಯ ಮೇಲೆ ಹೆಸರು ಬರುತ್ತದೆ. ಇವಕ್ಕೆ ಸಿಗುವುದಿಲ್ಲ.

ತೆರಿಗೆ ವಿಷಯ ಚಿಕ್ಕದಾಗಿ. ದೇಣಿಗೆ ಕೊಟ್ಟವರಿಗೆ ಸಿಗುವ 80ಜಿ ತೆರಿಗೆ ರಿಯಾಯಿತಿ ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ಮಾತ್ರ. 2,000 ರೂಪಾಯಿಗಿಂತ ಹೆಚ್ಚು ನಗದಾಗಿ ಕೊಟ್ಟರೆ ಅದು ಸಿಗುವುದಿಲ್ಲ. ಹೊರದೇಶದಲ್ಲಿರುವ ಕನ್ನಡಿಗರು ಇನ್ನೂ ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡಿದ್ದರೆ, ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟದ್ದು ವಿದೇಶಿ ದೇಣಿಗೆ ಆಗುವುದಿಲ್ಲ. ಬೇರೆ ದೇಶದ ಪೌರತ್ವ ಪಡೆದಿದ್ದರೆ ಒಸಿಐ ಕಾರ್ಡ್ ಇದ್ದರೂ ಅದು ವಿದೇಶಿ ದೇಣಿಗೆಯೇ. ವಿದೇಶಿ ದೇಣಿಗೆಗೆ ನೋಂದಣಿ ಇಲ್ಲದ ಸಂಸ್ಥೆಗೆ ಕಳಿಸಿದರೆ ತೊಂದರೆ ಸಂಸ್ಥೆಗೇ ಆಗುತ್ತದೆ. ಕಳಿಸುವ ಮೊದಲು ಕೇಳಿಕೊಳ್ಳಿ.

ಕೊಟ್ಟು ಒಂದು ವರ್ಷ ಆದ ಮೇಲೆ ಸಂಸ್ಥೆಗೆ ಫೋನ್ ಮಾಡಿ. "ಈ ವರ್ಷ ಯಾವುದು ಅಂದುಕೊಂಡ ಹಾಗೆ ಆಗಲಿಲ್ಲ? ಮುಂದಿನ ವರ್ಷ ಏನು ಬದಲಾಯಿಸ್ತೀರಿ?" ಎಂದು ಕೇಳಿ. ನೇರವಾಗಿ ಉತ್ತರ ಬಂದರೆ ಕೊಡುವುದನ್ನು ಮುಂದುವರಿಸಿ, ಸಾಧ್ಯವಾದರೆ ಸ್ವಲ್ಪ ಹೆಚ್ಚಿಸಿ. "ಎಲ್ಲ ಚೆನ್ನಾಗಿದೆ" ಎಂದಷ್ಟೇ ಹೇಳಿ ಇನ್ನೊಂದು ಹೊಳೆಯುವ ಬ್ರೋಷರ್ ಕಳಿಸಿದರೆ, ಪಟ್ಟಿಯಲ್ಲಿರುವ ಮುಂದಿನ ಹೆಸರಿಗೆ ಹೋಗಿ.